ಕೊನೆಯ ನುಡಿಯಲ್ಲಿ ಯಾರ ಹೆಸರು

“...ಚಹಾ ಆರಿ ಹೊಂಟೈತ್ರಿ ಮಾಸ್ತರ್ರ. ಮೊದಲ ಅದನ್ನ ಕುಡೀರಿ, ಆಮ್ಯಾಲ ಬೇಕಂದ್ರ ಇನ್ನೊಮ್ಮಿ ಹೇಳ್ರಿ,” ಎಂದಳು ಯಮನೂರಮ್ಮ.

“ಅಲ್ಲವ್ವಾ ತಂಗೆವ್ವ, ಮೂರು ಸಲ ಹೇಳಿದೆ! ಬರೋ ವಾರ ಗುರುವಾರ ಕುಷ್ಟಗ್ಯಾಗ ಮತ್ತ ನಮ್ಮ ಮೇಳದ ಹಾಡಿಕಿ ಐತಿ. ಆ ಅಳವಂಡಿ ವೆಂಕೋಬ ಮತ್ತ ಎದುರು ಕುಂದರ್ತಾನ. ಜವಾಬ್ ಇಲ್ದ ನಾ ಆ ಮಂದಿ ಮುಂದ ಹೆಂಗ ಕುಂದರ್ಲಿ?”

“ಹ್ವಾದ ವಾರ ಹೆಂಗ ಕುಂತಿದ್ರಿ? ಹಂಗ ಕುಂದರ್ರಿ,” ಎಂದಳು ಹೊಸ್ತಿಲ ಮೇಲೆ ಕೌದಿ ಹೊಲಿಯುತ್ತ ಕುಳಿತಿದ್ದ ಲಾಲಬೀ, ಸೂಜಿಯಿಂದ ಕಣ್ಣೆತ್ತದೆ.

ಯಮನೂರಮ್ಮ ನಗಲಿಲ್ಲ. ಅವಳ ಕಣ್ಣು ಹೊರಸಿನ ಮೇಲಿದ್ದ ಕಾಗದದ ಪೊಟ್ಟಣದ ಮೇಲಿತ್ತು. ಅದರೊಳಗೆ ಗುಳೇದಗುಡ್ಡದ ಕುಬಸದ ಕಣ, ರವಿಕೆಯ ಬಟ್ಟೆ, ಇದೆ ಎಂದು ಬಿಚ್ಚದೆಯೇ ಅವಳಿಗೆ ಗೊತ್ತು. ಮೂರು ವರ್ಷ ಮುಖ ತೋರಿಸದ ವಿರುಪಣ್ಣ ಮಾಸ್ತರ ಇವತ್ತು ಗಂಗಾವತಿಯಿಂದ ಎರಡು ಬಸ್ಸು ಬದಲಿಸಿ ತಳಕಲ್ಲಿಗೆ ಬಂದಿದ್ದಾನೆ, ಕೈಯಲ್ಲಿ ಕಣ ಹಿಡಿದುಕೊಂಡು, ಬಾಯಲ್ಲಿ ತಂಗೆವ್ವ ಎನ್ನುತ್ತ. ಈಗಲೂ ಅವನಿಗೆ ಬೇಕಾಗಿರುವುದು ಅವಳ ಹಾಡೇ! ಆದರೆ ಈ ಸಲ ಒಂದು ವ್ಯತ್ಯಾಸವಿದೆ. ಈ ಸಲ ಹಾಡು ಇನ್ನೂ ಅವಳ ಹೊಟ್ಟೆಯೊಳಗೇ ಇದೆ.

ಅದು ಹೇಗೆ ಅಲ್ಲಿ ಉಳಿಯಿತು ಎಂದು ತಿಳಿಯಲು ಹದಿಮೂರು ವರ್ಷ ಹಿಂದಕ್ಕೆ, ಎಪ್ಪತ್ನಾಲ್ಕನೇ ಇಸವಿಯ ಗಂಗಾವತಿಯ ಗದ್ದೆಗೆ ಹೋಗಬೇಕು.

ತಳಕಲ್ಲಿನ ಎರೆಹೊಲದಲ್ಲಿ ಕೈಗೆ ಕೆಲಸ ಇಲ್ಲದ ದಿನಗಳಲ್ಲಿ ಊರ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಲಾರಿ ಹತ್ತಿ ಕಾಲುವೆ ಸೀಮೆಗೆ ಭತ್ತದ ಸಸಿ ನಾಟಿಗೆ ಹೋಗುತ್ತಿದ್ದರು. ಯಮನೂರಮ್ಮ ಗಂಡನ ಮನೆಗೆ ಹೊಸದಾಗಿ ನಡೆಯಲು ಬಂದ ಸೊಸೆ, ವಯಸ್ಸು ಹತ್ತೊಂಬತ್ತು, ಓದು ಸೊನ್ನೆ. ಪಕ್ಕದ ಮನೆಯ ಲಾಲಬೀ ನಾಲ್ಕನೇ ಇಯತ್ತೆ ಪಾಸಾದವಳು, ಹಾಗಾಗಿ ಲಾರಿಯಲ್ಲಿ ಅವಳೇ ಪಂಡಿತೆ. ಈ ಗುಂಪಿಗೆಲ್ಲ ಮೇಸ್ತ್ರಿ ಎಂದರೆ ಅದೇ ಊರಿನ ವಿರುಪಣ್ಣ. ಊರಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುವವನು, ಗದ್ದೆಯಲ್ಲಿ ಬದುವಿನ ಮೇಲೆ ಕರಿ ಕೊಡೆ ಹಿಡಿದು ನಿಲ್ಲುವವನು.

ಮೊಣಕಾಲುದ್ದ ಕೆಸರು, ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ನೀರೊಳಗೆ. ಒಂದು ಸಾಲು ಊರಿದರೆ ಒಂದು ಹೆಜ್ಜೆ ಹಿಂದಕ್ಕೆ. ಆ ಹೆಜ್ಜೆಗೆ ತಕ್ಕಂತೆ ಯಮನೂರಮ್ಮನ ಬಾಯಲ್ಲಿ ಒಂದು ಸಾಲು ಹಾಡು ತಾನಾಗಿ ಬೀಳುತ್ತಿತ್ತು! ಮೊದಲು ಕೇಳಿದ್ದ ಹಾಡಲ್ಲ, ಆಗಷ್ಟೇ ಹುಟ್ಟಿದ್ದು. ಆಂಧ್ರದಿಂದ ಬಂದು ನೆಲೆಸಿದವರ ಪಕ್ಕದ ಕ್ಯಾಂಪಿನ ತೆಲುಗು ಹೆಂಗಸರ ನಾಟಿ ಹಾಡಿನ ದಾಟಿಗೆ ನಮ್ಮ ಬೀಸುಕಲ್ಲಿನ ಪದ ಸೇರಿಸಿ, ನಡುವೆ ಯಲಬುರ್ಗಾ ಬಸ್ಸಿನ ಹಾರ್ನಿನ ಪೋಂ ಪೋಂ ಕೂಡಿಸಿ ಅವಳು ಕಟ್ಟಿದ ಹಾಡು ಕೇಳಿದರೆ ಕೆಸರಲ್ಲಿದ್ದವರಿಗೂ ಕುಣಿಯಬೇಕು ಅನಿಸುತ್ತಿತ್ತು. ಟ್ರಾನ್ಸಿಸ್ಟರ್ ತಂದ ಅಳಿಯನ ಮೇಲೆ ಒಂದು ಹಾಡು, ಹೊಸ ಪಂಪ್‌ಸೆಟ್ಟಿಗೆ ಕುಂಕುಮ ಹಚ್ಚಿ ಆರತಿ ಎತ್ತಿದ ಅತ್ತೆಯ ಮೇಲೆ ಇನ್ನೊಂದು.

ಬದುವಿನ ಮೇಲಿದ್ದ ವಿರುಪಣ್ಣ ಒಂದು ದಿನ ಕೊಡೆ ಮಡಚಿದ.

“ಈ ಪದ ಯಾರು ಕಲಿಸ್ಯಾರಬೇ ನಿನಗ?”

“ಯಾರೂ ಕಲಿಸಿಲ್ರಿ. ಕಾಲಿಗೆ ಕೆಸರು ಹತ್ತಿದಂಗ ಬಾಯಿಗೆ ಹತ್ತೈತಿ.”

“ಇಕಿ ಬಾಯಿ ಬಂದ್ ಮಾಡಿದ್ರ ನಮ್ಮ ನಡ ನೋಯಾಕ ಹತ್ತತಾವ್ರಿ ಮೇಸ್ತ್ರಿ,” ಎಂದಿದ್ದಳು ಲಾಲಬೀ ಆ ಕಡೆಯ ಸಾಲಿನಿಂದ. “ಕೂಲಿ ಕಡಿಮಿ ಕೊಡ್ರಿ, ಇಕಿ ಹಾಡು ಮಾತ್ರ ನಿಲ್ಲಸಬ್ಯಾಡ್ರಿ!”

ಅವಳನ್ನು ಮೈಕಿನ ಮುಂದೆ ತರುವುದಕ್ಕೆ ವಿರುಪಣ್ಣ ಪಟ್ಟ ಪಾಡೂ ಸಣ್ಣದಲ್ಲ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗಂಡ ಗವಿಸಿದ್ದಪ್ಪ ಮಾತಿಲ್ಲದ ಮನುಷ್ಯ, ಹೂಂ ಅಂದುಬಿಟ್ಟ. ಅತ್ತೆ ಮುದಕಮ್ಮ ಮಾತ್ರ ಬಾಗಿಲಲ್ಲೇ ಅಡ್ಡ ಕುಳಿತಳು. “ಸೊಸಿ ಕರಂಟಿನ ಮುಂದ ಬಾಯಿ ತಗದ್ರ ನಾ ಯಾರ ಮುಂದ ಮಾರಿ ಎತ್ತಲೋ?” ವಿರುಪಣ್ಣ ಮೂರು ದಿನ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ. ನಾಲ್ಕನೇ ದಿನ ಒಂದು ಕುಬಸದ ಕಣ ತಂದು ಯಮನೂರಮ್ಮನ ಉಡಿಯಲ್ಲಿ ಹಾಕಿ, “ಅತ್ತೆವ್ವಾ, ಇವತ್ತಿಂದ ಇಕಿ ನನ್ನ ತಂಗಿ. ಅಣ್ಣನ ಜೋಡಿ ತಂಗಿ ಹೋದ್ರ ಯಾರೇನ್ ಅಂತಾರ?” ಎಂದ. ಅಣ್ಣ ಕೊಟ್ಟ ಕಣದ ಮುಂದೆ ಮುದಕಮ್ಮ ಬಾಗಿಲು ಬಿಟ್ಟು ಎದ್ದಳು. ಅಲ್ಲಿಂದ, ತಂಗಿಗೆ ಅಣ್ಣ ಉಡುಗೊರೆ ತರುವ ಪ್ರತಿ ನಾಗರಪಂಚಮಿಗೂ ಅವನು ತಪ್ಪದೆ ಕಣ ತಂದ. ಒಡಹುಟ್ಟಿದವರಿಲ್ಲದ ಯಮನೂರಮ್ಮ ಅದನ್ನು ಹೊಲಿಸಿ ತೊಟ್ಟುಕೊಂಡು ಊರೆಲ್ಲ ತೋರಿಸಿ ಬರುತ್ತಿದ್ದಳು.

ಮೊದಲ ಹಾಡಿಕೆ ಯಲಬುರ್ಗಾದಲ್ಲಿ. ಹಿಂದಿನ ದಿನ ಅವಳಿಗೆ ಒಂದು ಚಿಂತೆ ಹತ್ತಿತು. ಈ ಕಡೆಯ ಪದಗಳಲ್ಲಿ ಕೊನೆಯ ನುಡಿ, ಅಂದರೆ ಕಡೆಯ ಚರಣ, ಹಾಡಿನ ಮನೆ ವಿಳಾಸ ಇದ್ದಂತೆ. ಊರು ಯಾವುದು, ಕಟ್ಟಿದವರು ಯಾರು ಎಂದು ಅಲ್ಲಿ ಹೇಳಲೇಬೇಕು. ಹೇಳದೆ ನಿಲ್ಲಿಸಿದರೆ ಹಾಡು ಮುಗಿದಂತಲ್ಲ. ಆದರೆ ಹೆಂಗಸಿನ ಹೆಸರು ಇರುವ ಕೊನೆಯ ನುಡಿಯನ್ನು ಅವಳು ಕೇಳಿಯೇ ಇರಲಿಲ್ಲ. ಬೀಸುಕಲ್ಲಿನ ಮುಂದೆ ಸಾವಿರ ಪದ ಕಟ್ಟಿದವರು ಯಾರೂ ಹೆಸರು ಹೇಳಿ ಹೋಗಿರಲಿಲ್ಲ. ಅವಳು ಯಾರನ್ನೂ ಕೇಳಲಿಲ್ಲ. ಮರುದಿನ ಮೈಕಿನ ಮುಂದೆ ನಿಂತು ಹಾಡಿಬಿಟ್ಟಳು.

ಊರು ತಳಕಲ್ಲ, ಪದ ಸುಳ್ಳಲ್ಲ,
ವಿರುಪಣ್ಣ ಹೇಳ್ಯಾನ ಕೇಳ್ರಿ ನೀವೆಲ್ಲ.

ಹಾರ್ಮೋನಿಯಂ ಮೇಲಿದ್ದ ವಿರುಪಣ್ಣನ ಬೆರಳು ತಪ್ಪಿದವು. ಹಾಡು ಮುಗಿದ ಮೇಲೆ ಅವನು ಕಣ್ಣೊರೆಸಿಕೊಂಡ. “ನನ್ನ ಹೆಸರು ಹಾಕಿದೇನವ್ವಾ?” ಎಂದ. “ನನಗ ಬ್ಯಾರೆ ಯಾರದಾರ ಅಣ್ಣಾ?” ಎಂದಳು. ಅವತ್ತು ಇಬ್ಬರೂ ನಿಜವನ್ನೇ ಹೇಳಿದ್ದರು!

ಅಲ್ಲಿಂದ ಎಂಟು ವರ್ಷ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಗಿಣಿಗೇರಾ! ಯಮನೂರಮ್ಮ ಮುಂದೆ, ಲಾಲಬೀ ಹಿಮ್ಮೇಳ, ವಿರುಪಣ್ಣನ ಹಾರ್ಮೋನಿಯಂ ಪೆಟ್ಟಿಗೆ. ಚಹಾದಂಗಡಿಯಲ್ಲಿ ಹುಡುಗರು ಪೋಂ ಪೋಂ ಎಂದು ಹಾಡುತ್ತಿದ್ದರು, ಮದುವೆಯ ಬ್ಯಾಂಡಿನವರು ಟ್ರಾನ್ಸಿಸ್ಟರ್ ಅಳಿಯನನ್ನು ಕದ್ದು ಊದುತ್ತಿದ್ದರು. ನಲವತ್ತಕ್ಕೂ ಹೆಚ್ಚು ಹಾಡು ಕಟ್ಟಿದಳು. ಅವೆಲ್ಲದರ ಕೊನೆಯ ನುಡಿಯಲ್ಲೂ ವಿರುಪಣ್ಣನ ಹೆಸರು. ನಾಟಿಯ ದಿನಗಳಲ್ಲಿ ಮಾತ್ರ ಎಲ್ಲರೂ ಮತ್ತೆ ಗದ್ದೆಗೆ. ಹೆಂಗಸರು ಕೆಸರಿನಲ್ಲಿ, ಅವನು ಬದುವಿನ ಮೇಲೆ ಕೊಡೆಯ ಕೆಳಗೆ.

ಎಂಬತ್ನಾಲ್ಕರಲ್ಲಿ ಗಂಗಾವತಿಯ ಶಬ್ಬೀರಸಾಬ ತನ್ನ ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಶುರು ಮಾಡಿದ. ಗೋಡೆಗೆಲ್ಲ ಕೌದಿ ತೂಗುಬಿಟ್ಟು, ಕಿಟಕಿಗೆ ಗೋಣಿಚೀಲ ತುರುಕಿ, ಫ್ಯಾನು ಬಂದ್! ಒಳಗೆ ಕುಳಿತವರು ಬೆವರಿನಲ್ಲಿ ತೊಯ್ದು ಹೋಗುತ್ತಿದ್ದರು. ಮೊದಲು ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿದರು. ವಿರುಪಣ್ಣ ಪೆಟ್ಟಿಗೆ ಮುಂದಿಟ್ಟುಕೊಂಡು ನಡುವೆ, ಯಮನೂರಮ್ಮ ಅವನ ಬಲಕ್ಕೆ, ಒಂದು ಕೈ ಪೆಟ್ಟಿಗೆಯ ಮೇಲೆ. ಫೋಟೋಕ್ಕೆಂದೇ ಡಜನ್ ಹಸಿರು ಬಳೆ ಇಡಿಸಿಕೊಂಡು ಬಂದಿದ್ದಳು.

ಕ್ಯಾಸೆಟ್ಟಿನ ಕಡೆಯ ಹಾಡಿಗೆ ಅವಳು ಒಂದು ಹೊಸ ಸವಾಲ್ ಕಟ್ಟಿದ್ದಳು. ಸವಾಲ್ ಎಂದರೆ ಹಾಡಿನಲ್ಲಿ ಹಾಕುವ ಒಗಟು. ಎದುರಿನ ಮೇಳದವರು ಅದನ್ನು ಬಿಡಿಸಬೇಕು. ಬಿಡಿಸಲಾರದಿದ್ದರೆ ಹಾಕಿದವರೇ ಅದೇ ದಾಟಿಯಲ್ಲಿ, ನುಡಿಗೆ ನುಡಿ ಜವಾಬ್ ಹಾಡಬೇಕು. ಇದರಲ್ಲೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಜವಾಬನ್ನು ಕಟ್ಟಿದವರು ಮೊದಲೇ ಯಾರೆದುರೂ ಬಾಯಿ ಬಿಡುವಂತಿಲ್ಲ, ತಾಲೀಮಿನಲ್ಲೂ ಹಾಡುವಂತಿಲ್ಲ, ತಮ್ಮ ಪೆಟ್ಟಿಗೆ ಮಾಸ್ತರನಿಗೂ ಹೇಳುವಂತಿಲ್ಲ. ಒಬ್ಬರ ಕಿವಿಗೆ ಬಿದ್ದರೆ ಹತ್ತು ಊರಿಗೆ ಬಿದ್ದಂತೆ. ಹೊಟ್ಟೆಯಲ್ಲಿ ಇಟ್ಟುಕೊಂಡೇ ವೇದಿಕೆ ಹತ್ತಬೇಕು.

ಮುಂದ ನೋಡತಾಳ, ಹಿಂದಕ ನಡೀತಾಳ,
ಹೋದ ಹಾದ್ಯಾಗೆಲ್ಲ ಹಸರು ಬಿಡತಾಳ,
ಬಾಗಿ ಬಾಗಿ ನಾಡಿನ ಹೊಟ್ಟಿ ತುಂಬತಾಳ,
ಯಾರಾಕಿ ಹೇಳೋ ಶಾಣ್ಯಾ, ಕಂಡೀಯೇನೋ ಆಕೀನ?

ಸವಾಲಿನ ನುಡಿಗಳೆಲ್ಲ ಮುಗಿದವು. ಇಲ್ಲಿ ಎದುರು ಮೇಳ ಇಲ್ಲ, ಜವಾಬೂ ಅವಳದೇ. ಯಮನೂರಮ್ಮ ಉಸಿರು ಎಳೆದುಕೊಂಡು ಜವಾಬಿಗೆ ಬಾಯಿ ತೆರೆಯಬೇಕು, ಶಬ್ಬೀರಸಾಬ ಮಷಿನ್ನಿನ ಹಿಂದಿನಿಂದ ಒಂದು ಬೆರಳು ಎತ್ತಿ ತೋರಿಸಿದ. ಟೇಪು ಮುಗಿಯುತ್ತ ಬಂದಿದೆ, ಒಂದೇ ನುಡಿ! ಅವಳು ವಿರುಪಣ್ಣನ ಮುಖ ನೋಡಿದಳು. ಜವಾಬ್ ಶುರು ಮಾಡಲೋ, ಹೆಸರು ಹೇಳಿ ಮುಗಿಸಲೋ? ಅವನು ಒಂದು ಕ್ಷಣವೂ ಯೋಚಿಸದೆ ತನ್ನ ಎದೆಯ ಮೇಲೆ ಬೆರಳಿಟ್ಟು ತಟ್ಟಿದ. ನನ್ನ ಹೆಸರು, ನನ್ನ ಹೆಸರು. ಅವಳು ಜವಾಬನ್ನು ನುಂಗಿಕೊಂಡು ಹಾಡಿದಳು. ವಿರುಪಣ್ಣ ಹೇಳ್ಯಾನ ಕೇಳ್ರಿ ನೀವೆಲ್ಲ. ಟೇಪು ಟಕ್ ಎಂದು ನಿಂತಿತು.

“ಮಸ್ತ್ ಆತು!” ಎಂದ ಶಬ್ಬೀರಸಾಬ ಬೆವರು ಒರೆಸುತ್ತ. “ಜವಾಬ್ ಮುಂದಿನ ಕ್ಯಾಸೆಟ್‌ನ್ಯಾಗ ಹಾಕೂಣು. ಮಂದಿ ತಲಿ ಕೆರಕೋತ ಕುಂದರ್ಲಿ!”

ಎರಡು ತಿಂಗಳಿಗೆ ಕ್ಯಾಸೆಟ್ ಬಂತು. ಕೊಪ್ಪಳದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಯಮನೂರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕೋಳಿಮರಿ ಹಿಡಿದಂತೆ. ಮೇಲಿನ ಚಿತ್ರದಲ್ಲಿ ವಿರುಪಣ್ಣ ನಗುತ್ತಿದ್ದ. ಅವನ ಬಲಕ್ಕೆ ಚಿತ್ರ ಮುಗಿದುಹೋಗಿತ್ತು. ಪೆಟ್ಟಿಗೆಯ ಅಂಚಿನಲ್ಲಿ ಒಂದು ಕೈ ಮಾತ್ರ, ಮೊಣಕೈವರೆಗೂ ಇಲ್ಲ. ಹಸಿರು ಬಳೆ.

“ಲಾಲವ್ವಾ, ಏನ್ ಬರದಾರ ಓದ.”

ಲಾಲಬೀ ಓದಿದಳು. “ರಚನೆ ಮತ್ತು ಗಾಯನ, ತಳಕಲ್ ವಿರುಪಣ್ಣ ಮತ್ತು ಸಂಗಡಿಗರು.”

“ನನ್ನ ಹೆಸರು?”

ಲಾಲಬೀ ಕ್ಯಾಸೆಟ್ಟನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು, ಒಳಗಿನ ಕಾಗದ ತೆಗೆದು ನೋಡಿದಳು. ನಗಿಸುವುದನ್ನು ಬಿಟ್ಟು ಬೇರೆ ಏನೂ ಬಾರದ ಲಾಲಬೀಗೆ ಅವತ್ತು ನಗಿಸಲು ಆಗಲಿಲ್ಲ. “ಸಂಗಡಿಗರು ಅಂತ ಐತಲ್ಲ, ಅದ ನಾವವ್ವಾ,” ಎಂದಳು.

ಗಂಗಾವತಿಗೆ ಹೋಗಿ ಶಬ್ಬೀರಸಾಬನನ್ನು ಕೇಳಿದರೆ ಅವನು ಪ್ರಾಮಾಣಿಕವಾಗಿಯೇ ಬೆರಗಾದ. “ಅರೇ, ನಾ ಯಾರನ್ನ ಕೇಳಿ ಬರಸ್ಲಿ ಅಕ್ಕಾ? ಎಲ್ಲಾ ಹಾಡು ಕಡೀತನಕ ಕೇಳಿದೆ. ಎಲ್ಲಾದರಾಗೂ ವಿರುಪಣ್ಣ ಹೇಳ್ಯಾನ ಅಂತ ನೀವ ಹಾಡೀರಿ. ಪ್ರೆಸ್ಸಿಗೆ ಕಳಿಸೂಕಿಂತ ಮೊದಲ ಮಾಸ್ತರ್ಗೂ ತೋರಿಸೀನಿ, ಬರೋಬ್ಬರಿ ಐತಿ ಅಂದ್ರು.”

ತೋರಿಸೀನಿ. ಬರೋಬ್ಬರಿ ಐತಿ ಅಂದ್ರು. ಯಮನೂರಮ್ಮ ಆ ಎರಡು ಮಾತುಗಳನ್ನು ಹೊತ್ತುಕೊಂಡು ಅಲ್ಲಿಂದ ನೇರ ವಿರುಪಣ್ಣನ ಮನೆಗೆ ನಡೆದಳು. ಆಗಲೇ ಅವನು ಗಂಗಾವತಿಗೆ ಬಂದು ನೆಲೆಸಿದ್ದ, ಮೇಸ್ತ್ರಿಕೆ ಬಿಟ್ಟಿದ್ದ.

“ಅಣ್ಣಾ, ಪದ ಕಟ್ಟಿದಾಕಿ ನಾನ ಅಲ್ಲೇನು?”

“ಯಾರು ಇಲ್ಲ ಅಂದಾರವ್ವಾ?”

“ಮತ್ತ ಕಾಗದದಾಗ?”

ವಿರುಪಣ್ಣ ಪೆಟ್ಟಿಗೆಯ ಧೂಳು ಒರೆಸುತ್ತ ಇದ್ದ, ಒರೆಸುತ್ತಲೇ ಹೇಳಿದ. “ಕಾಗದದಾಗ ನಾ ಬರಸಿಲ್ಲ ತಂಗೆವ್ವ. ಹಾಡ ಹೇಳ್ತೈತಿ. ಹಾಡಿನ್ಯಾಗ ನನ್ನ ಹೆಸರು ಹಾಕಿದಾಕಿ ಯಾರು? ನಾ ಹಾಕು ಅಂದಿದ್ನೇನು? ಈಗ ಊರೆಲ್ಲಾ ನಂಬೈತಿ, ಈಗ ಅಲ್ಲ ಅಂದ್ರ ಮಂದಿ ನನ್ನ ಮಾರಿಮ್ಯಾಲ ಉಗೀತಾರ.”

ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಅವನು ಅವಳದೇ ಕೊಡುಗೆಯನ್ನು ಎತ್ತಿ ಅವಳ ಮುಖಕ್ಕೆ ಹಿಡಿದಿದ್ದ. ಎಂಟು ವರ್ಷ ಪ್ರೀತಿಯಿಂದ ಹಾಡಿದ ಆ ಸಾಲು ಅವಳ ವಿರುದ್ಧವೇ ಸಾಕ್ಷಿ ನುಡಿಯುತ್ತಿತ್ತು, ಅದೂ ಅವಳದೇ ದನಿಯಲ್ಲಿ!

ಆ ವರ್ಷ ಪಂಚಮಿಗೆ ಕಣ ಬರಲಿಲ್ಲ. ಮೇಳಕ್ಕೆ ಹೊಸ ಹುಡುಗಿಯೊಬ್ಬಳು ಬಂದಳಂತೆ ಎಂಬ ಸುದ್ದಿ ಬಂತು. ಯಮನೂರಮ್ಮ ಹಾಡುವುದನ್ನು ಬಿಟ್ಟಳು. ಗದ್ದೆಗೆ ಹೋದರೂ ತುಟಿ ಬಿಗಿದುಕೊಂಡೇ ಸಸಿ ಊರಿದಳು, ಪಕ್ಕದ ಸಾಲಿನವರು ಕೇಳಿ ಕೇಳಿ ಸುಮ್ಮನಾದರು. ಬಸ್ಸಿನಲ್ಲಿ ಅವಳ ಕ್ಯಾಸೆಟ್ ಹಾಕಿದರೆ ಮುಂದಿನ ಸ್ಟಾಪಿಗೆ ಇಳಿದು ನಡೆದು ಬರುತ್ತಿದ್ದಳು. ಅತ್ತೆ ಮುದಕಮ್ಮ, ಹಿಂದೆ ಬಾಗಿಲಿಗೆ ಅಡ್ಡ ಕುಳಿತವಳೇ, ಒಂದು ದಿನ ರೊಟ್ಟಿ ತಿನ್ನುತ್ತ, “ಯವ್ವಾ, ಒಂದ್ ಪದ ಅನ್ನ, ಮನಿ ಭಾಳ ಸಪ್ಪಗಾಗೈತಿ,” ಎಂದಳು. ಯಮನೂರಮ್ಮ ಎದ್ದು ನೀರಿಗೆ ಹೋದಳು.

ಹೀಗೆ ಮೂರು ವರ್ಷ. ಆಮೇಲೆ ಹೋದ ವಾರ ಕುಷ್ಟಗಿಯಲ್ಲಿ ನಡೆದದ್ದು! ಮಗಳ ಮನೆಗೆ ಹೋಗಿದ್ದ ಲಾಲಬೀ ಕಣ್ಣಾರೆ ಕಂಡು, ತಳಕಲ್ಲಿಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಿದ್ದಳು. ಅಳವಂಡಿಯ ವೆಂಕೋಬ ತನ್ನ ಮೇಳ ಕಟ್ಟಿಕೊಂಡು ಬಂದು ಎದುರು ಕುಳಿತನಂತೆ. ಮೈಕಿನಲ್ಲಿ ಕೇಳಿದನಂತೆ, “ಮಾಸ್ತರ್ರ, ಮೂರು ವರ್ಷ ಆತು, ನಿಮ್ಮ ಕ್ಯಾಸೆಟ್‌ನ ಸವಾಲ್ ನಮಗ ಬಿಡಿಸಾಕ ಆಗಿಲ್ಲ. ಸೋಲು ಒಪ್ಪೀವಿ. ನೀವ ಜವಾಬ್ ಹಾಡ್ರಿ.” ಮಂದಿಯೆಲ್ಲ ಹಾಡ್ರಿ ಹಾಡ್ರಿ ಎಂದರಂತೆ. ವಿರುಪಣ್ಣ ಗಂಟಲು ಸರಿಮಾಡಿಕೊಂಡು, ಅದು ಏಡಿ ಎಂದನಂತೆ!

“ಏಡಿ ಅಡ್ಡ ನಡೀತೈತ್ರಿ ಮಾಸ್ತರ್ರ, ಹಿಂದಕ ಅಲ್ಲ,” ಎಂದನಂತೆ ವೆಂಕೋಬ.

ಹಾಗಾದರೆ ಅದು ಆತ್ಮ ಎಂದನಂತೆ ವಿರುಪಣ್ಣ. ಅಷ್ಟು ಹೊತ್ತಿಗೆ ಹೆಂಗಸರು ಕುಳಿತ ಕಡೆಯಿಂದ ನಗು ಎದ್ದಿತು. ಒಬ್ಬಳು ನಕ್ಕಳು, ಪಕ್ಕದವಳು ನಕ್ಕಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಇಡೀ ಸಾಲೇ ನಕ್ಕಿತು. ಗಂಡಸರಿಗೆ ಏನೂ ತಿಳಿಯಲಿಲ್ಲ. ಹಿಂದಿನಿಂದ ಯಾರೋ ಕೂಗಿದರು, “ಪದ ಕಟ್ಟಿದಾಂವಗ ಪದ ಗೊತ್ತಿಲ್ಲೇನೋ!” ಬರುವ ವಾರ ಗುರುವಾರ ಜವಾಬ್ ಹಾಡುತ್ತೇನೆ ಎಂದು ಹೇಳಿ ವಿರುಪಣ್ಣ ಪೆಟ್ಟಿಗೆ ಮುಚ್ಚಿದನಂತೆ.

ಆ ವಿರುಪಣ್ಣ ಈಗ ಇಲ್ಲಿ, ಆರಿದ ಚಹಾದ ಮುಂದೆ.

“ಹೊಸಾ ಹುಡುಗಿ ಕಟ್ಟಿ ಕೊಡಂಗಿಲ್ಲೇನ್ರಿ?” ಎಂದಳು ಲಾಲಬೀ ದಾರ ಕಚ್ಚಿ ಹರಿಯುತ್ತ.

“ಆಕಿ ಹಾಡ್ತಾಳಬೇ, ಕಟ್ಟಾಕ ಬರಂಗಿಲ್ಲ.”

“ನಿಮಗ?”

ವಿರುಪಣ್ಣ ಆರಿದ ಚಹಾವನ್ನೇ ಎತ್ತಿ ಕುಡಿದ. ಯಮನೂರಮ್ಮ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. ಬಯ್ಯಬೇಕು ಎಂದು ಮೂರು ವರ್ಷದಿಂದ ಕೂಡಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ. ಅವಳಿಗೆ ಒಂದೇ ಒಂದು ತಿಳಿಯಬೇಕಿತ್ತು.

“ಮಾಸ್ತರ್ರ, ಗಂಗಾವತಿ ಗದ್ದ್ಯಾಗ ನೀವು ಎಷ್ಟು ವರ್ಷ ಬದುವಿನಮ್ಯಾಲ ನಿಂತಿದ್ರಿ?”

“ಹತ್ತು ವರ್ಷ ಆಗಿತ್ತೇನ. ಯಾಕ?”

“ಏನ್ ನೋಡ್ತಿದ್ರಿ?”

“ಏನ್ ನೋಡ್ತಿದ್ದೆ ಅಂದ್ರ? ಕೆಲಸ ನೋಡ್ತಿದ್ದೆ. ಎಷ್ಟ್ ಸಾಲು ಆತು, ಎಷ್ಟ್ ಮಂದಿ ಬಂದಾರ...”

ಲಾಲಬೀ ಸೂಜಿ ಕೆಳಗಿಟ್ಟಳು. ಇಬ್ಬರೂ ಅವನ ಮುಖ ನೋಡುತ್ತ ಕಾದರು. ಈಗ ತಿಳಿಯುತ್ತದೆ, ಈಗ ಹೊಳೆಯುತ್ತದೆ! ವಿರುಪಣ್ಣ ಕಣ್ಣು ಪಿಳಿಪಿಳಿ ಮಾಡಿದ. ಅವನಿಗೆ ಹೊಳೆಯಲಿಲ್ಲ. ಹತ್ತು ವರ್ಷ ಅವನ ಕಣ್ಣೆದುರೇ ಸಸಿ ಊರುತ್ತ ಹಿಂದಕ್ಕೆ ಹಿಂದಕ್ಕೆ ನಡೆದು ಇಡೀ ಸೀಮೆಯನ್ನು ಹಸಿರು ಮಾಡಿದವರು ಅವನಿಗೆ ಕಂಡೇ ಇರಲಿಲ್ಲ. ಕ್ಯಾಸೆಟ್ಟಿನ ಕಾಗದ ನೋಡಿದ ದಿನಕ್ಕಿಂತ ಹೆಚ್ಚಿಗೆ ಯಮನೂರಮ್ಮನಿಗೆ ಈಗ ನೋವಾಯಿತು. ಅವನು ಹೆಸರು ಕದ್ದ ಎಂದು ಅವಳು ಅಂದುಕೊಂಡಿದ್ದಳು. ಕದಿಯುವವನು ಕದಿಯುವ ವಸ್ತುವನ್ನಾದರೂ ನೋಡಿರುತ್ತಾನಲ್ಲ.

“ಜವಾಬ್ ಕೊಡ್ತೀನಿ,” ಎಂದಳು.

“ಕೊಡವ್ವಾ! ನಮ್ಮವ್ವ, ಕೊಡು, ಬರಕೋತೀನಿ,” ಅವನು ಅಂಗಿಯ ಜೇಬಿನಿಂದ ಪೆನ್ನು ತೆಗೆದೇ ಬಿಟ್ಟ.

“ಬರಕೊಳ್ಳೂದಲ್ರಿ. ಶಬ್ಬೀರಸಾಬನ್ನ ಮಷಿನ್ ಸಮೇತ ಇಲ್ಲಿಗೆ ಕರ್ಕೊಂಡ್ ಬರ್ರಿ. ನಾನ ಹಾಡ್ತೀನಿ. ಕಡೀ ನುಡ್ಯಾಗ ನನ್ನ ಹೆಸರು ಹಾಡ್ತೀನಿ. ಗುರುವಾರ ಕುಷ್ಟಗ್ಯಾಗ ಅದನ್ನ ಮೈಕಿಗೆ ಹಿಡೀರಿ, ಮಂದಿ ಕೇಳ್ಲಿ.”

“ಹೆಣ್ಮಗಳ ಹೆಸರು ಕಡೀ ನುಡ್ಯಾಗ ಯಾರ ಹಾಕ್ಯಾರ ತಂಗೆವ್ವ? ಕೇಳಿದವ್ರು ನಗ್ತಾರ.”

“ನಿಮಗ ನಕ್ಕಾರಲ್ರಿ ಆಗ್ಲೇ,” ಎಂದಳು ಲಾಲಬೀ. “ಇನ್ನೊಂದು ಸಲ ನಕ್ರ ಏನ್ ಹೋತು?”

ವಿರುಪಣ್ಣ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಕೊನೆಗೆ ಎದ್ದ. “ಸೋಮವಾರ ಬರ್ತೀನಿ. ಮಧ್ಯಾಹ್ನದ ಬಸ್ಸಿಗೆ. ಶಬ್ಬೀರ ಏನಂತಾನೋ ನೋಡ್ತೀನಿ.”

“ಆತ ಏನ್ ಅನ್ನಂಗಿಲ್ಲ. ನೀವು ಏನ್ ಹೇಳ್ತೀರಿ, ಅದರ ಮ್ಯಾಲೈತಿ.” ಯಮನೂರಮ್ಮ ಹೊರಸಿನ ಮೇಲಿನ ಪೊಟ್ಟಣವನ್ನು ಬಿಚ್ಚದೆ ಎತ್ತಿ ಗೋಡೆಯ ಗೂಡಿನಲ್ಲಿಟ್ಟಳು. “ಇದು ಸೋಮವಾರದತನಕ ಇಲ್ಲೇ ಇರ್ತೈತಿ. ಮಷಿನ್ ತಂದ್ರ ಹೊಲಿಸ್ತೀನಿ. ತರಲಿಲ್ಲಂದ್ರ ವಾಪಸ್ ಒಯ್ರಿ, ಮಾಸ್ತರ್ರ.”

ಅವನು ಬಾಗಿಲಲ್ಲಿ ನಿಂತು ಕಾದ. ಒಂದು ಸಲ ಅಣ್ಣಾ ಎನ್ನುತ್ತಾಳೇನೋ ಎಂದು. ಅವಳು ಅನ್ನಲಿಲ್ಲ.

ಅವನು ಹೋದ ಮೇಲೆ ಯಮನೂರಮ್ಮ ಒಲೆಯ ಮುಂದೆ ಕುಳಿತು ಹಿಟ್ಟು ನಾದಿದಳು. ರೊಟ್ಟಿ ಬಡಿಯುತ್ತ, ಬಡಿತದ ಲೆಕ್ಕಕ್ಕೆ ಸಣ್ಣಗೆ ಬಾಯಿ ತೆರೆದಳು, ಮೂರು ವರ್ಷದ ಮೇಲೆ. ಯಮನೂರಮ್ಮ ಹೇಳ್ಯಾಳ ಕೇಳ್ರಿ ನೀವೆಲ್ಲ. ತಾಳ ತಪ್ಪಿತು. ವಿರುಪಣ್ಣ ಎಂಬುದು ಕೂರುತ್ತಿದ್ದ ಜಾಗದಲ್ಲಿ ಅವಳ ಹೆಸರು ಹಿಡಿಸುತ್ತಿಲ್ಲ, ಉದ್ದ! ಮತ್ತೆ ಹೇಳಿ ನೋಡಿದಳು. ಮತ್ತೆ ತಪ್ಪಿತು. ತನ್ನ ಹೆಸರು ತನ್ನ ಬಾಯಿಗೇ ಹೊಸದಾಗಿತ್ತು.

“ಸಾಲಿನ್ಯಾಗ ಏನಾರ ಒಂದು ತಗೀಬೇಕಲ್ಲ,” ಎಂದಳು ಲಾಲಬೀ ಕೌದಿ ಮಡಚುತ್ತ. “ನಿನ್ನ ಹೆಸರು ಮಾತ್ರ ತಗೀಬ್ಯಾಡ ಮತ್ತ.”

ಯಮನೂರಮ್ಮ ‘ನೀವು’ ತೆಗೆದಳು. ಯಮನೂರಮ್ಮ ಹೇಳ್ಯಾಳ ಕೇಳ್ರಿ ಎಲ್ಲ. ಕೂತಿತು! ರೊಟ್ಟಿ ತಿರುವಿ ಹಾಕಿ ಇನ್ನೊಮ್ಮೆ ಅಂದಳು. ಒಳಕೋಣೆಯಿಂದ ಮುದಕಮ್ಮ ಕೆಮ್ಮಿ, “ಜೋರ್ ಅನ್ನಬೇ, ನನಗ ಕೇಳ್ಸವಲ್ದು,” ಎಂದಳು.

“ಸೋಮವಾರ ನಾನೂ ಬರ್ತೀನಿ, ಹಿಮ್ಮೇಳ ಬೇಕಲ್ಲ,” ಲಾಲಬೀ ಚಪ್ಪಲಿ ಮೆಟ್ಟಿಕೊಂಡಳು. “ಆಂವ ಬರ್ತಾನಂತೀಯೇನು?”

“ಗೊತ್ತಿಲ್ಲವ್ವಾ,” ಎಂದಳು ಯಮನೂರಮ್ಮ. “ನೀ ಮಾತ್ರ ಮಧ್ಯಾಹ್ನದ ಬಸ್ಸಿಗಿಂತ ಮೊದಲ ಬಾ.”